ಪುಷ್ಪಕ್‌ಗೆ ಮೂರು ಪರೀಕ್ಷೆ, ಕಾವಲಿಗೆ ಒಂದೂ ಇಲ್ಲ

ಬಿಳಿಚೋಡಿನಲ್ಲಿ ಟೀ ಅಂಗಡಿ ಮುಂದೆ ಕೂತು ಚಳ್ಳಕೆರೆಯ ಮಾತೆತ್ತಿದರೆ ಎರಡೇ ರಾಗ. ‘ನಮ್ಮ ಪಕ್ಕದಲ್ಲೇ ರಾಕೆಟ್ ಇಳಿಸಿದ್ರು’ ಎಂದು ಒಬ್ಬರು ಎದೆಯುಬ್ಬಿಸುತ್ತಾರೆ. ‘ಅದರಿಂದ ಕುರಿಗೆ ಮೇವು ಸಿಗುತ್ತೇನಪ್ಪ’ ಎಂದು ಇನ್ನೊಬ್ಬರು ಮೂಗು ಮುರಿಯುತ್ತಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ.

ಮೂಗು ಮುರಿಯುವವರಿಗೆ ಮೊದಲು. ಇಲ್ಲಿ ಇಳಿದ ಇಸ್ರೋದ ಪುಷ್ಪಕ್ ರಾಕೆಟ್ಟಲ್ಲ. ಮುಂದೊಂದು ದಿನ ಕಕ್ಷೆಗೆ ಹೋಗಿ, ವಿಮಾನದಂತೆ ಇಳಿದು, ಮತ್ತೆ ಹೊರಡಬೇಕಾದ ದೊಡ್ಡ ವಾಹನದ ಮರಿ. ಉದ್ದ ಬರೀ ಆರೂವರೆ ಮೀಟರ್. 2016ರ ಮೇ 23ರಂದು ಈ ಯೋಜನೆಯ ಮೊದಲ ವಾಹನ ಶ್ರೀಹರಿಕೋಟದಿಂದ 65 ಕಿ.ಮೀ. ಎತ್ತರಕ್ಕೆ ಏರಿ, ಶಬ್ದದ ಐದು ಪಟ್ಟು ವೇಗದಲ್ಲಿ ವಾತಾವರಣಕ್ಕೆ ನುಗ್ಗಿ, ಬಂಗಾಳ ಕೊಲ್ಲಿ ಸೇರಿತು. ನೆಲಕ್ಕಿಳಿಯುವ ಪಾಠ ನಡೆದದ್ದು ಚಳ್ಳಕೆರೆ ಬಳಿಯ ರನ್‌ವೇಯಲ್ಲಿ. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಪುಷ್ಪಕ್ ಅನ್ನು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಿತು. ಎಂಜಿನ್ ಇಲ್ಲ, ಪೈಲಟ್ ಇಲ್ಲ. ತಾನೇ ದಾರಿ ಹುಡುಕಿಕೊಂಡು ಇಳಿಯಿತು. 2024ರ ಮಾರ್ಚ್‌ನಲ್ಲಿ ಬೇಕೆಂದೇ 150 ಮೀಟರ್ ಪಕ್ಕಕ್ಕೆ ಸರಿಸಿ ಬಿಟ್ಟರು. ಜೂನ್ 23ರಂದು 500 ಮೀಟರ್, ಜೊತೆಗೆ ಹೆಚ್ಚಿನ ಗಾಳಿ. ನೆಲ ಮುಟ್ಟುವಾಗ ಗಂಟೆಗೆ 320 ಕಿ.ಮೀ. ಮೀರಿದ ವೇಗ; ಪ್ರಯಾಣಿಕ ವಿಮಾನದ್ದು ಸುಮಾರು 260. ಮಾರ್ಚ್‌ನಲ್ಲಿ ಹಾರಿದ ಒಡಲನ್ನೇ ಜೂನ್‌ನಲ್ಲೂ ಬಳಸಿದರು. ಹೊಳೆಗಿಳಿಯುವ ಮೊದಲು ಕೋಲು ಊರಿ ಆಳ ನೋಡುವ ವಿವೇಕ ಇದು. ಬೀಳುವುದಿದ್ದರೆ ಚಿಕ್ಕದೇ ಬೀಳಲಿ ಎಂಬ ಲೆಕ್ಕ. ಇದನ್ನು ದುಂದು ಎನ್ನಲಾರೆ.

ಈಗ ಎದೆಯುಬ್ಬಿಸುವವರಿಗೆ. ಆ ರನ್‌ವೇ ಇರುವ ನೆಲಕ್ಕೆ ಕೋಲು ಊರಿ ನೋಡಿದವರು ಯಾರು? 2007ರ ನಂತರದ ಕೆಲವೇ ವರ್ಷಗಳಲ್ಲಿ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನ ಸುಮಾರು 10,000 ಎಕರೆಯನ್ನು ಸರ್ಕಾರ ಹಂಚಿಬಿಟ್ಟಿತು: ಅದರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ 4,290, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ದೊಡ್ಡ ಉಳ್ಳಾರ್ತಿ, ಖುದಾಪುರದ ಕುರಿಗಾಹಿಗಳಿಗೆ ಗೋಡೆ ಎದ್ದ ಮೇಲೆ ವಿಷಯ ತಿಳಿಯಿತೆಂಬ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

‘ಬಂಜರು ಬಿದ್ದಿತ್ತಲ್ಲ’ ಎಂಬ ಉತ್ತರ ಸಿದ್ಧವಿದೆ. ಒಂದು ಹದ ಮಳೆಗೆ ಹುಲ್ಲು ಚಿಗುರುವ ನೆಲ ಬಂಜರಲ್ಲ. ಮೈಸೂರಿನ ಸೇನೆಯ ಫಿರಂಗಿ ಎಳೆದ ಎತ್ತುಗಳು ಮೇಯ್ದದ್ದು ಇಂಥ ಕಾವಲುಗಳಲ್ಲೇ. ಇಲ್ಲಿನ ಕಂಬಳಿ ಮಗ್ಗಕ್ಕೆ ಉಣ್ಣೆ ಬರುವುದೂ ಈ ಹುಲ್ಲಿನಿಂದ. ಇನ್ನು ಅಪಾಯದ ಪಾಲು: 2019ರ ಸೆಪ್ಟೆಂಬರ್ 17ರಂದು ಡಿಆರ್‌ಡಿಒದ ಮಾನವರಹಿತ ವಿಮಾನ ಬಿದ್ದದ್ದು ಜೋಡಿ ಚಿಕ್ಕೇನಹಳ್ಳಿಯ ಬಳಿ, ರೈತರ ಜಮೀನಿನಲ್ಲಿ.

ರನ್‌ವೇ ಕಿತ್ತುಹಾಕಿ ಎನ್ನುವಷ್ಟು ಹುಂಬ ನಾನಲ್ಲ. ಹಾರಾಟ ನಡೆಯುವ ಕಡೆ ದನ ಬಿಡಿ ಎಂದೂ ಕೇಳುತ್ತಿಲ್ಲ. ಮಿಕ್ಕ ಕಾಂಪೌಂಡುಗಳ ಒಳಗೆ ಕಟ್ಟಡ ಏಳದ ಹುಲ್ಲುಗಾವಲಿದೆಯಲ್ಲ, ಅದರ ಒಂದು ಗೇಟನ್ನು ಈ ಮುಂಗಾರಿಗೆ ತೆರೆಯಲಿ. ಒಂದೇ ಹಿಂಡು ಒಳಗೆ ಹೋಗಲಿ, ಕಾವಲುಗಾರ ಪಕ್ಕದಲ್ಲೇ ನಿಂತು ನೋಡಲಿ. ಸರಿಬಂದರೆ ಮುಂದಿನ ವರ್ಷ ಎರಡನೇ ಗೇಟಿನ ಮಾತು.