ಮೊದಲು ಬಿದ್ದದ್ದು ಅಚ್ಚುಕೂಟ

ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ಟೀವಿ ಚರ್ಚೆಯಲ್ಲಿ ಯಾರಾದರೊಬ್ಬರು ‘ಯುದ್ಧದಲ್ಲಿ ಮೊದಲು ಸಾಯುವುದು ಸತ್ಯ’ ಎಂದು ಗಂಭೀರವಾಗಿ ಹೇಳಿಬಿಡುತ್ತಾರೆ. ಕೊಂದವರು ಯಾರೆಂಬ ಪ್ರಶ್ನೆಯೇ ಏಳದಂತೆ ನೋಡಿಕೊಳ್ಳುವ ಮಾತು ಇದು. ಶ್ರೀಲಂಕಾದ ಜಾಫ್ನಾದಲ್ಲಿ ಮೊದಲು ಬಿದ್ದದ್ದು ಎರಡು ಅಚ್ಚುಕೂಟ. ಕೆಡವಿದ್ದು ಭಾರತದ ಸೇನೆ.

1987ರ ಜುಲೈ 29ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಬಂದಿಳಿದ ಭಾರತದ ಶಾಂತಿಪಾಲನಾ ಪಡೆಗೆ ಜಾಫ್ನಾದ ಜನ ಹಾರ ಹಾಕಿದರು. ಎರಡೂವರೆ ತಿಂಗಳು ತುಂಬಿರಲಿಲ್ಲ. ಅಕ್ಟೋಬರ್ 10ರಂದು ಅದೇ ಪಡೆ ‘ಈಳಮುರಸು’, ‘ಮುರಸೊಲಿ’ ಎಂಬ ತಮಿಳು ಪತ್ರಿಕೆಗಳ ಮುದ್ರಣಯಂತ್ರಗಳನ್ನು ಸ್ಫೋಟಿಸಿತು. ತಮಿಳು ಪ್ರತ್ಯೇಕತಾವಾದಿ ಹುಲಿಗಳ (ಎಲ್‌ಟಿಟಿಇ) ವಿರುದ್ಧದ ‘ಆಪರೇಷನ್ ಪವನ್’ ಆರಂಭವಾದದ್ದು ಹೀಗೆ. (ಈ ಮುರಸೊಲಿಗೂ ಕರುಣಾನಿಧಿಯವರ ಮುರಸೊಲಿಗೂ ಇರುವುದು ಹೆಸರಿನ ನಂಟಷ್ಟೇ.)

ಸೇನೆಯ ಪರವಾದ ವಾದ ಹಗುರವಾದದ್ದಲ್ಲ. ಈಳಮುರಸು ಆ ಹೊತ್ತಿಗೆ ಹುಲಿಗಳ ಹಿಡಿತದಲ್ಲಿತ್ತು. ಎದುರಾಳಿಯ ಪ್ರಚಾರಕ್ಕೆ ಕೈ ಹಚ್ಚದೆ ಕಾಳಗಕ್ಕಿಳಿಯುವ ಸೇನಾಪತಿ ಯಾರಿದ್ದಾರೆ? ಹುಲಿಗಳಂತೂ ಭಿನ್ನಮತವನ್ನು ಸಹಿಸಿದವರಲ್ಲ. ಎಲ್ಲ ಕಡೆಯ ಹಿಂಸೆಯನ್ನೂ ದಾಖಲಿಸುತ್ತಿದ್ದ ಜಾಫ್ನಾ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರ ಅಧ್ಯಾಪಕಿ ರಜನಿ ತಿರಣಗಾಮ 1989ರ ಸೆಪ್ಟೆಂಬರ್ 21ರಂದು ಗುಂಡಿಗೆ ಬಲಿಯಾದಾಗ ಅವರ ಸಂಗಾತಿಗಳು ಬೊಟ್ಟು ಮಾಡಿದ್ದು ಹುಲಿಗಳ ಕಡೆಗೆ.



ಇದನ್ನೆಲ್ಲ ಒಪ್ಪಿದರೂ ಹನ್ನೊಂದು ದಿನದ ಮೇಲೆ ನಡೆದದ್ದನ್ನು ಏನೆನ್ನುವುದು? ಅಕ್ಟೋಬರ್ 21, ದೀಪಾವಳಿ. ಭಾರತೀಯ ಸೈನಿಕರು ಜಾಫ್ನಾ ಆಸ್ಪತ್ರೆಗೆ ನುಗ್ಗಿದರು. ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಗುಂಡಿನ ಚಕಮಕಿಯ ನಡುವೆ ಸಿಕ್ಕಿ ಸತ್ತರೆಂದಿತು ಸೇನೆ. ಹೆಣಗಳ ನಡುವೆ ಸತ್ತವರಂತೆ ಬಿದ್ದುಕೊಂಡು ರಾತ್ರಿ ಕಳೆದವರು ಹೇಳಿದ್ದೇ ಬೇರೆ: ಮರುದಿನ ಬೆಳಿಗ್ಗೆ ಕೈಯೆತ್ತಿಕೊಂಡು, ತಾವು ಡಾಕ್ಟರು, ನರ್ಸುಗಳು ಎನ್ನುತ್ತ ನಡೆದು ಬಂದ ಮಕ್ಕಳ ತಜ್ಞರನ್ನೂ ಬಿಡಲಿಲ್ಲ.

ಈಳಮುರಸು ಉಳಿದಿದ್ದರೆ ಇದನ್ನು ಉತ್ಪ್ರೇಕ್ಷಿಸಿ ಬರೆಯುತ್ತಿತ್ತೆ? ಖಂಡಿತ ಬರೆಯುತ್ತಿತ್ತು. ಆದರೆ ಅಚ್ಚಾದ ಸುಳ್ಳನ್ನು ಹಿಡಿದು ಪ್ರಶ್ನಿಸಬಹುದು. ಹೆಸರು, ವಾರ್ಡು, ಹೊತ್ತು ತಪ್ಪಾಗಿದ್ದರೆ ತಿದ್ದಬಹುದು. ಜನರಿಗೆ ತನ್ನ ಮಾತು ಮುಟ್ಟಿಸಲು ದೆಹಲಿಗೆ ಆಕಾಶವಾಣಿಯಿತ್ತು, ದೂರದರ್ಶನವಿತ್ತು. ಜಾಫ್ನಾದವರಿಗೆ ಇದ್ದದ್ದು ಕೆಲವೇ ಯಂತ್ರ. ಪಕ್ಷಪಾತಿ ಪತ್ರಿಕೆಗೆ ರಕ್ಷಣೆಯಿಲ್ಲ ಎಂದರೆ ಯುದ್ಧಕಾಲದಲ್ಲಿ ಯಾವ ಪತ್ರಿಕೆಗೂ ಇಲ್ಲ, ಏಕೆಂದರೆ ಆಗ ಯಾವುದು ಪಕ್ಷಪಾತ ಎಂದು ತೀರ್ಮಾನಿಸುವವನ ಕೈಯಲ್ಲೇ ಸಿಡಿಮದ್ದೂ ಇರುತ್ತದೆ.

1985ರಲ್ಲಿ ಹುಟ್ಟಿದ ‘ಉದಯನ್’ ಎಂಬ ಇನ್ನೊಂದು ತಮಿಳು ಪತ್ರಿಕೆ ಅದೇ ಊರಲ್ಲಿ ಬದುಕುಳಿಯಿತು. ತೊಂಬತ್ತರ ದಶಕದ ದಿಗ್ಬಂಧನದಲ್ಲಿ ನ್ಯೂಸ್‌ಪ್ರಿಂಟ್ ಸಿಗದಿದ್ದಾಗ ಶಾಲಾ ನೋಟ್‌ಬುಕ್ಕಿನ ಗೆರೆ ಹಾಳೆಯ ಮೇಲೆ ಅಚ್ಚಾಯಿತು. 2006ರ ಮೇ 2ರಂದು ಬಂದೂಕುಧಾರಿಗಳು ಅದರ ಕಚೇರಿಗೆ ನುಗ್ಗಿ ಇಬ್ಬರು ನೌಕರರನ್ನು ಕೊಂದರು.