ಕಾಯುವಿಕೆಯೂ ತ್ಯಾಜ್ಯವೇ

ತ್ಯಾಜ್ಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹೊಳೆಗೆ ಸುರಿದ ಕಸ, ಕಾಡಂಚಿನ ಪ್ಲಾಸ್ಟಿಕ್ ರಾಶಿ. ಅರ್ಧಕ್ಕೆ ನಿಂತ ಕೆಲಸವೂ ತ್ಯಾಜ್ಯವೇ ಎಂಬುದು ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಇದನ್ನು ಅರಿಯಲು ವಿಮಾನ ದುರಸ್ತಿಯ ಅಂಗಳವನ್ನು ನೋಡಬೇಕು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ನಿಲ್ದಾಣ ಉದ್ಘಾಟನೆಗೊಂಡ ಮೇಲೆ ವಿಮಾನವು ಮಲೆನಾಡಿಗೂ ದೂರದ ಸಂಗತಿಯಾಗಿ ಉಳಿದಿಲ್ಲ.

ದೊಡ್ಡ ವಿಮಾನವೊಂದನ್ನು ಸಮಗ್ರ ತಪಾಸಣೆಗೆ ಬಿಚ್ಚಿದ ಮೇಲೆಯೇ ಒಳಗಿನ ಎಷ್ಟೋ ತುಕ್ಕು, ಬಿರುಕುಗಳು ಗೋಚರವಾಗುತ್ತವೆ. ಬೇಕಾದ ಬಿಡಿಭಾಗ ಆಗ ಕೈಯಲ್ಲಿರುವುದಿಲ್ಲ. ಕೆಲಸಗಾರರು ಇನ್ನೊಂದು ವಿಮಾನದತ್ತ ತೆರಳುತ್ತಾರೆ. ಅಲ್ಲಿಯೂ ಅದೇ ತೊಡಕು. ಒಂದು ಗದ್ದೆಯ ನಾಟಿ ಮುಗಿಯುವ ಮುನ್ನವೇ ಆಳುಗಳನ್ನು ಮತ್ತೊಂದು ಗದ್ದೆಗೆ ಅಟ್ಟಿದಂತೆ, ಎಲ್ಲವೂ ಆರಂಭವಾಗಿ ಯಾವುದೂ ಮುಗಿಯದು. ಇತ್ತ ಉಗ್ರಾಣದಲ್ಲಿ ಸಂದು ಮುಚ್ಚುವ ಅಂಟುಗಳ ಬಳಕೆಯ ಅವಧಿ ತೀರಿ ಅವು ಅಪಾಯಕಾರಿ ಕಸವಾಗುತ್ತವೆ. ಗಡಿಬಿಡಿಯಲ್ಲಿ ಕೆಟ್ಟ ಕೆಲಸವನ್ನು ಮರಳಿ ಮಾಡುವಾಗ ಬಣ್ಣ ತೆಗೆಯುವ ದ್ರಾವಕ, ಕ್ಯಾನ್ಸರ್ ತರಬಲ್ಲ ಕ್ರೋಮೇಟ್ ಲೇಪನ ಎರಡೆರಡು ಬಾರಿ ವ್ಯಯವಾಗುತ್ತವೆ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ವಾರ್ನರ್ ರಾಬಿನ್ಸ್ ವಾಯುಪಡೆ ದುರಸ್ತಿ ಕೇಂದ್ರವು ಈ ಗಂಟನ್ನು ಬಿಡಿಸಿದ ಬಗೆ ಗಮನಾರ್ಹ. ಸಿ-5 ಎಂಬ ಬೃಹತ್ ಸರಕು ವಿಮಾನಗಳನ್ನು ಏಕಕಾಲಕ್ಕೆ ಹಲವಾರು ಬಿಚ್ಚಿಡುವ ಪದ್ಧತಿಯನ್ನು ಅದು ಕೈಬಿಟ್ಟಿತು. ಹಿಡಿದ ಕೆಲಸವನ್ನು ಮುಗಿಸುವುದಕ್ಕೆ ಆದ್ಯತೆ ದೊರೆಯಿತು. ದುರಸ್ತಿಯಲ್ಲಿದ್ದ ವಿಮಾನಗಳ ಸಂಖ್ಯೆ 8 ತಿಂಗಳಲ್ಲಿ 12ರಿಂದ 7ಕ್ಕೆ ಇಳಿಯಿತು. ಒಂದು ವಿಮಾನಕ್ಕೆ ತಗಲುತ್ತಿದ್ದ 240 ದಿನಗಳು 160ಕ್ಕೆ ಬಂದವು. ಈ ಸಾಧನೆಗೆ 2006ರಲ್ಲಿ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿಯೂ ಸಂದಿತು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಕಡಿತವಾಗಬೇಕಾದುದು ಕಾಯುವ ಕಾಲವೇ ಹೊರತು ಪರೀಕ್ಷಿಸುವ ಕಾಲವಲ್ಲ. ತಂತ್ರಜ್ಞನ ಬೆನ್ನಿಗೆ ಗಡಿಯಾರ ಕಟ್ಟಿ ಪಡೆದ ವೇಗವನ್ನು ಪ್ರಯಾಣಿಕರ ಪ್ರಾಣ ಒತ್ತೆಯಿಟ್ಟು ಪಡೆದ ಸಾಲವೆಂದೇ ಭಾವಿಸಬೇಕು. ಎರಡನೆಯದು, ಉಳಿಸಿದ್ದು ನಿಜಕ್ಕೂ ಉಳಿಯುವುದೇ ಎಂಬ ಪ್ರಶ್ನೆ. ಯಂತ್ರಗಳ ದಕ್ಷತೆ ಹೆಚ್ಚಿದಂತೆ ಕಲ್ಲಿದ್ದಲಿನ ಬಳಕೆ ತಗ್ಗುವ ಬದಲು ಏರುತ್ತದೆಂದು ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿಯೇ ತೋರಿಸಿದ್ದರು. ಬೇಗ ದುರಸ್ತಿಯಾದ ವಿಮಾನ ಇನ್ನಷ್ಟು ಹಾರಿ ಇನ್ನಷ್ಟು ಇಂಧನ ಸುಟ್ಟರೆ, ಅಂಗಳದಲ್ಲಿ ಗಳಿಸಿದ್ದು ಆಗಸದಲ್ಲಿ ಹೊಗೆಯಾಗುತ್ತದೆ.

ಆದುದರಿಂದ ದಕ್ಷತೆಯ ಫಲವು ವಿಸ್ತರಣೆಗೆ ನೆಪವಾಗಬಾರದು, ವಿಸ್ತರಣೆಗೆ ಕಡಿವಾಣವಾಗಬೇಕು. 12 ವಿಮಾನಗಳು ನಿಂತಿದ್ದಲ್ಲಿ 7 ನಿಂತರೆ ಸಾಕೆಂದಾದರೆ ಹೊಸ ಹ್ಯಾಂಗರಿಗೆ, ಅದಕ್ಕಾಗಿ ಹೊಸ ಭೂಮಿಗೆ ಕಾರಣವೆಲ್ಲಿ? ಇನ್ನಷ್ಟು ನೆಲ ಬೇಕು ಎಂಬ ಬೇಡಿಕೆ ಎಲ್ಲಿಂದಲೇ ಬರಲಿ, ನಾವು ಮೊದಲು ಕೇಳೋಣ: ಈಗಿರುವ ಅಂಗಳದಲ್ಲಿ ಕೆಲಸ ನಿಂತಿರುವುದೆಲ್ಲಿ, ಮತ್ತು ಏತಕ್ಕೆ? ಇದಕ್ಕೆ ಉತ್ತರ ದೊರೆಯುವವರೆಗೆ ಒಂದು ಮರವನ್ನೂ ಉರುಳಿಸುವ ಹಕ್ಕು ಯಾರಿಗೂ ಇಲ್ಲ.