ಆನೆ ಎಲ್ಲಿದೆ ಅಂತ ಕೇಳುವ ನಾವು, ಕ್ಷಿಪಣಿ ಎಲ್ಲಿದೆ ಅಂತ ಯಾಕೆ ಕೇಳುವುದಿಲ್ಲ?

ಸಕಲೇಶಪುರ, ಆಲೂರು ಕಡೆ ತೋಟಕ್ಕೆ ಆನೆ ಬಂತು ಅಂದರೆ ನಾವು ಮೊದಲು ಕೇಳುವುದು ಮೂರೇ ಪ್ರಶ್ನೆ. ಎಲ್ಲಿವೆ? ಎಷ್ಟಿವೆ? ಯಾವ ಕಡೆ ಹೊರಟಿವೆ? ಉತ್ತರ ಸಿಕ್ಕ ಮೇಲೆ ಕೆಲಸಕ್ಕೆ ಆಳು ಕಳಿಸಬೇಕಾ, ಮಕ್ಕಳನ್ನು ಸ್ಕೂಲಿಗೆ ಬಿಡಬೇಕಾ ಅಂತ ತೀರ್ಮಾನ. "ಆನೆ ಬಂತು, ಎಲ್ಲ ಮುಗೀತು" ಅಂತ ಕೂಗುವವನನ್ನು ನಾವು ನಂಬುವುದಿಲ್ಲ. "ಆನೆನೇ ಇಲ್ಲ, ಧೈರ್ಯವಾಗಿ ಹೋಗ್ರೋ" ಅನ್ನುವವನನ್ನೂ ನಂಬುವುದಿಲ್ಲ. ಇಬ್ಬರ ಮಾತು ಕೇಳಿದರೂ ಜೀವಕ್ಕೇ ಕುತ್ತು.

ಇಷ್ಟು ಬುದ್ಧಿ ಇರುವ ನಾವು 2025ರ ಮೇ 8ರ ರಾತ್ರಿ ಏನು ಮಾಡಿದೆವು? ಐಎನ್‌ಎಸ್ ವಿಕ್ರಾಂತ್ ಕರಾಚಿ ಬಂದರನ್ನು ಉಡಾಯಿಸಿತು ಅಂತ ದೇಶದ ಹಲವು ಚಾನೆಲ್‌ಗಳು ಅರಚಿದವು. ನಾವು ನಂಬಿದೆವು, ಫಾರ್ವರ್ಡ್ ಮಾಡಿದೆವು. ಅದೇ ಹೊತ್ತಿಗೆ ಪೆಟ್ರೋಲ್ ಬಂಕಿನ ಮುಂದೆ ಜನ ಸಾಲು ನಿಂತ ವಿಡಿಯೊಗಳೂ ಹರಿದಾಡಿದವು. ದಾಸ್ತಾನು ಸಾಕಷ್ಟಿದೆ, ಗಾಬರಿ ಬೇಡ ಅಂತ ಮೇ 9ರಂದು ಇಂಡಿಯನ್ ಆಯಿಲ್ ಹೇಳಬೇಕಾಯಿತು. ಒಂದು ಕಡೆ ವೈರಿ ಮುಗಿದೇ ಹೋದ ಅನ್ನುವ ಕುಣಿತ, ಇನ್ನೊಂದು ಕಡೆ ನಾಳೆ ಏನೂ ಸಿಗುವುದಿಲ್ಲ ಅನ್ನುವ ನಡುಕ. ಎರಡೂ ಒಂದೇ ಮೊಬೈಲಿನಲ್ಲಿ.

ಮೇ 11ರಂದು ನೌಕಾಪಡೆಯ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ದೆಹಲಿಯಲ್ಲಿ ಪತ್ರಕರ್ತರ ಮುಂದೆ ಕೂತು ಹೇಳಿದ್ದು ಇಷ್ಟು: ಕರಾಚಿ ಸೇರಿದಂತೆ ಆಯ್ದ ಗುರಿಗಳನ್ನು ನಾವು ಬಯಸಿದ ಹೊತ್ತಿಗೆ ಹೊಡೆಯಲು ನೌಕಾಪಡೆ ಸಮುದ್ರದಲ್ಲಿ ಪೂರ್ತಿ ಸನ್ನದ್ಧವಾಗಿತ್ತು. ಅಂದರೆ ಹೊಡೆದಿರಲಿಲ್ಲ. ಹಡಗು ನಡೆಸುವವರು ಅಳೆದು ಮಾತಾಡಿದರು, ಸ್ಟುಡಿಯೊದಲ್ಲಿ ಕೂತವರು ಬಂದರು ಸುಟ್ಟರು.

ಸರಿ, ಆನೆಯ ಮೂರು ಪ್ರಶ್ನೆಯನ್ನೇ ಇಲ್ಲೂ ಕೇಳೋಣ.

ಎಲ್ಲಿದೆ? ಕರಾಚಿಯಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 1,500 ಕಿ.ಮೀ. 2024ರ ನವೆಂಬರಿನಲ್ಲಿ ಪಾಕಿಸ್ತಾನದ ನೌಕಾಪಡೆ ಹಡಗಿನಿಂದ ಹಾರಿಸಿ ಪರೀಕ್ಷಿಸಿದ ಕ್ಷಿಪಣಿಯ ದೂರ, ಅವರೇ ಹೇಳಿದಂತೆ, 350 ಕಿ.ಮೀ. 2017ರ ಜನವರಿಯಲ್ಲಿ ನೀರಿನೊಳಗಿಂದ ಹಾರಿಸಿದೆವು ಅಂದ ಬಾಬರ್-3 ಕ್ಷಿಪಣಿಯದ್ದು 450 ಕಿ.ಮೀ. ಕರಾಚಿಯಲ್ಲಿ ನಿಂತು ಹಾರಿಸಿದರೆ ಇವು ನಮ್ಮ ಕರಾವಳಿಗೆ ತಲುಪುವುದಿಲ್ಲ. ಹೊತ್ತ ಹಡಗು ಸಾವಿರ ಕಿ.ಮೀ.ಗೂ ಹೆಚ್ಚು ತೆಂಕಣಕ್ಕೆ, ಮುಂಬೈ ದಾಟಿ ಬರಬೇಕು. ನೀರಿನ ಮೇಲೆ ತೇಲುವ ಹಡಗು ಯಾರ ಕಣ್ಣಿಗೂ ಬೀಳದೆ ಅಷ್ಟು ದೂರ ಬರುವುದು ಬಲು ಕಷ್ಟ.

ಎಷ್ಟಿವೆ? ಇಲ್ಲಿ ಹಗುರಾಗಿ ಮಾತಾಡುವ ಹಾಗಿಲ್ಲ. ಕಣ್ಣಿಗೆ ಬೀಳದೆ ಬರಬಲ್ಲದ್ದು ಸಬ್‌ಮರೀನ್. ಪಾಕಿಸ್ತಾನ ಚೀನಾದಿಂದ ಎಂಟು ಹೊಸ ಸಬ್‌ಮರೀನ್ ಪಡೆಯುವ ಒಪ್ಪಂದ ಮಾಡಿಕೊಂಡಿದೆ. ಅವುಗಳಿಗೆ ಇಟ್ಟ ಹೆಸರು ಹಂಗೋರ್. ಆ ಹೆಸರಿನ ಹಿಂದೆ ನಾವು ಮರೆತ ಕಥೆಯಿದೆ. 1971ರ ಡಿಸೆಂಬರ್ 8ರ ರಾತ್ರಿ ನಮ್ಮ ಐಎನ್‌ಎಸ್ ವಿನಾಶ್ ಹಾರಿಸಿದ ಕ್ಷಿಪಣಿ ಕರಾಚಿಯ ಕೆಮಾರಿ ತೈಲ ಟ್ಯಾಂಕುಗಳಿಗೆ ಬಿದ್ದು ಬೆಂಕಿ ಹತ್ತಿತು. ಅದನ್ನು ಎಲ್ಲರೂ ಹೇಳುತ್ತಾರೆ. ಮಾರನೇ ರಾತ್ರಿಯೇ ದೀವ್ ಕರಾವಳಿಯಾಚೆ ಹಂಗೋರ್ ಎಂಬ ಸಬ್‌ಮರೀನ್ ಟಾರ್ಪಿಡೊ ಹೊಡೆದು ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿ 194 ಜನ ಹೋದರು. ವೈರಿ ಮುಗಿದ ಅಂತ ಸಂಭ್ರಮಿಸುವವರು ಈ ಎರಡನೇ ರಾತ್ರಿಯನ್ನೂ ನೆನೆಯಬೇಕು.

ಯಾವ ಕಡೆ ಹೊರಟಿವೆ? ಕೆಮಾರಿಯೇ ಉತ್ತರ. ಸಮುದ್ರದ ಕ್ಷಿಪಣಿ ಹುಡುಕುವುದು ಹಡಗನ್ನು ಮತ್ತು ಎಣ್ಣೆಯನ್ನು. ನಮ್ಮ ಬೆಟ್ಟದಲ್ಲಿ ಅದಕ್ಕೆ ಬೇಕಾದದ್ದು ಏನೂ ಇಲ್ಲ. ಆದರೆ ಬೆಟ್ಟದ ಕೆಳಗೆ ಮಂಗಳೂರಿದೆ. ಎಂಆರ್‌ಪಿಎಲ್ ಇದೆ, ಬಂದರಿದೆ, ನೆಲದಡಿಯ ಬಂಡೆ ಕೊರೆದು 15 ಲಕ್ಷ ಟನ್ ಕಚ್ಚಾತೈಲ ಇಡುವ ಸಂಗ್ರಹಾಗಾರವಿದೆ. ಅಲ್ಲಿಂದ ಘಟ್ಟ ಹತ್ತಿ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಪೈಪ್‌ಲೈನ್ ಹೋಗುತ್ತದೆ. ಶಿರಾಡಿ ಘಾಟಿಯಲ್ಲಿ ನಾವು ದಿನಾ ನೋಡುವ ಗ್ಯಾಸ್ ಟ್ಯಾಂಕರ್‌ಗಳು ಬರುವುದೂ ಅಲ್ಲಿಂದಲೇ. ನಮ್ಮ ಕಾಫಿ ಕಂಟೇನರ್ ಹಡಗು ಹತ್ತುವುದೂ ಅಲ್ಲೇ. ಆದ್ದರಿಂದ ನಾವು ಅಳೆಯಬೇಕಾದದ್ದು ಕ್ಷಿಪಣಿ ನಮ್ಮ ತಲೆ ಮೇಲೆ ಬೀಳುತ್ತದಾ ಅಂತ ಅಲ್ಲ. ಮಂಗಳೂರಿಗೆ ಹಡಗು ಬರುತ್ತದಾ, ಅಲ್ಲಿಂದ ಹೊರಡುತ್ತದಾ ಅಂತ.

ಇದು ಊಹೆಯಲ್ಲ. 2023ರ ಡಿಸೆಂಬರ್ 23ರಂದು ಸೌದಿಯಿಂದ ಕಚ್ಚಾತೈಲ ಹೊತ್ತು ನಮ್ಮ ನವಮಂಗಳೂರಿಗೇ ಬರುತ್ತಿದ್ದ ಎಂ.ವಿ. ಕೆಮ್ ಪ್ಲೂಟೊ ಹಡಗಿಗೆ ಗುಜರಾತ್ ಕರಾವಳಿಯಾಚೆ ಡ್ರೋನ್ ಬಡಿಯಿತು. ಅದರಲ್ಲಿದ್ದ 22 ಜನರಲ್ಲಿ 21 ಮಂದಿ ಭಾರತೀಯರು. ಡ್ರೋನ್ ಇರಾನಿನಿಂದ ಬಂತು ಅಂತ ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಹಡಗು ಮುಂಬೈ ಸೇರಿತು. ಯುದ್ಧನೌಕೆಗೆ ಎದುರು ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಬರಾಕ್-8 ಇದೆ. ಎಣ್ಣೆ ತರುವ ಹಡಗಿಗೆ ಏನಿದೆ?

ಅದೇ ತಿಂಗಳುಗಳಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿಗಳು ಹಡಗುಗಳ ಮೇಲೆ ಕ್ಷಿಪಣಿ ಬಿಟ್ಟರು. ರೂಬಿಮಾರ್ ಎಂಬ ಹಡಗು ಸುಮಾರು 21,000 ಟನ್ ಗೊಬ್ಬರದೊಂದಿಗೆ 2024ರ ಮಾರ್ಚಿನಲ್ಲಿ ಮುಳುಗಿತು. ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿದವು. ಹತ್ತು ಹದಿನಾಲ್ಕು ದಿನ ಹೆಚ್ಚು, ಬಾಡಿಗೆ ಹೆಚ್ಚು, ವಿಮೆ ಹೆಚ್ಚು. ನಮ್ಮ ದೇಶದ ಕಾಫಿ ಅತಿ ಹೆಚ್ಚು ಕೊಳ್ಳುವ ಇಟಲಿಗೆ ಇದೇ ದಾರಿ. ಆ ವರ್ಷ ಬೇರೆ ಕಾರಣಕ್ಕೆ ಕಾಫಿ ಬೆಲೆ ಏರಿತ್ತು, ಹಾಗಾಗಿ ಪೆಟ್ಟು ನಮಗೆ ತಿಳಿಯಲಿಲ್ಲ. ಬೆಲೆ ಬಿದ್ದ ವರ್ಷ ಇದೇ ಆದರೆ? ಹಡಗಿನ ಬಾಡಿಗೆಯನ್ನು ರಫ್ತುದಾರ ತನ್ನ ಜೇಬಿನಿಂದ ಕೊಡುವುದಿಲ್ಲ. ಅದು ಎರಡೆಕರೆಯವನ ಚೆರಿ ಮೂಟೆಯ ರೇಟಿನಲ್ಲಿ ಕಳೆದುಹೋಗುತ್ತದೆ.

ಇಷ್ಟು ಕೇಳಿದರೆ ಕೆಲವರು ನಮ್ಮನ್ನು ದೇಶದ್ರೋಹಿಗಳು ಅನ್ನುತ್ತಾರೆ. ಅನ್ನಲಿ. ಸಮುದ್ರದಲ್ಲಿ ಪ್ರಾಣ ಒತ್ತೆ ಇಟ್ಟವರ ಹೆಸರಲ್ಲಿ ಸುಳ್ಳು ಹೇಳಿದವರು ನಾವಲ್ಲ. ಯಾವ ಹಡಗು ಎಲ್ಲಿದೆ ಅನ್ನುವ ಗುಟ್ಟನ್ನೂ ನಾವು ಕೇಳುತ್ತಿಲ್ಲ.

ನಾವು ಕೇಳುವುದು ಎರಡು. ಕರಾಚಿ ಸುಟ್ಟ ಚಾನೆಲ್‌ಗಳು ಅದೇ ಹೊತ್ತಿನಲ್ಲಿ, ಅದೇ ದೊಡ್ಡ ಅಕ್ಷರದಲ್ಲಿ ತಪ್ಪಾಯಿತು ಅಂತ ಹೇಳಲಿ. ಸಮುದ್ರದಲ್ಲಿ ಗಲಾಟೆ ಎದ್ದಾಗಲೆಲ್ಲ ಕಾಫಿ ಮಂಡಳಿ, ಬೆಳೆಗಾರರ ಸಂಘಗಳು ಹಡಗಿನ ಬಾಡಿಗೆ ಎಷ್ಟಾಯಿತು, ಎಷ್ಟು ದಿನ ತಡ, ಅದರಲ್ಲಿ ಬೆಳೆಗಾರನ ಪಾಲಿಗೆ ಎಷ್ಟು ಬಿತ್ತು ಅಂತ ಕನ್ನಡದಲ್ಲಿ, ಮೊಬೈಲಿಗೆ ತಿಳಿಸಲಿ. ಆನೆ ಬಂದಾಗ ಮೆಸೇಜ್ ಕಳಿಸಲು ಆಗುತ್ತದೆ ಅಂದರೆ ಇದೂ ಆಗುತ್ತದೆ.

ನಮ್ಮ ಪಾಲಿನ ಕೆಲಸವೂ ಒಂದಿದೆ. ಮುಂದಿನ ಸಲ ಅಂಥ ರಾತ್ರಿ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಕೇಳಿ: ಎಲ್ಲಿದೆ? ಎಷ್ಟಿವೆ? ಯಾವ ಕಡೆ ಹೊರಟಿವೆ? ಉತ್ತರ ಇಲ್ಲದ ಮೆಸೇಜನ್ನು ಅಲ್ಲೇ ಡಿಲೀಟ್ ಮಾಡಿ.